ರೇವಾ ಆದ್ಮೇಲೆ ಬರಬೇಕಿದ್ದ ಕಾರು

ಕಾರು ಕಂಪನಿಯೊಂದು ಕೈ ಬದಲಾಯಿತು ಅಂತ ಸುದ್ದಿ ಬಂದರೆ ಸಾಕು, ಎಲ್ಲರ ಬಾಯಲ್ಲೂ ಒಂದೇ ಮಾತು: ಹೊಸ ಮಾಡೆಲ್ ಯಾವಾಗ? ಕೊಂಡವರ ಬಳಿ ಉತ್ತರ ಸಿದ್ಧ ಇರುತ್ತದೆ. ಇಷ್ಟು ಕೋಟಿ ಹಾಕ್ತೀವಿ, ಬ್ರ್ಯಾಂಡಿನ ಗುಣ ಕೆಡಿಸಲ್ಲ, ಇನ್ನೆರಡು ವರ್ಷದಲ್ಲಿ ಹೊಸ ಗಾಡಿ ತೋರಿಸ್ತೀವಿ. ನನಗೆ ಮಾತ್ರ ಇಂಥ ಸುದ್ದಿ ಓದಿದಾಗೆಲ್ಲ ಹೊಸೂರು ರಸ್ತೆಯ ಬೊಮ್ಮಸಂದ್ರ ನೆನಪಾಗುತ್ತದೆ. 2001ರಲ್ಲಿ ಅಲ್ಲಿಂದ ಒಂದು ಪುಟ್ಟ ಎಲೆಕ್ಟ್ರಿಕ್ ಕಾರು ರಸ್ತೆಗೆ ಬಂತು. ಬೆಂಗಳೂರಿನವರಿಗೆ ರೇವಾ ಯಾವುದು ಅಂತ ಹೇಳಬೇಕಿಲ್ಲ. 2010ರ ಮೇ ತಿಂಗಳಲ್ಲಿ ಮಹೀಂದ್ರಾ ಅದರ ಶೇ. 55.2 ಪಾಲು ಕೊಂಡಿತು. ಆಮೇಲೆ ಏನಾಯ್ತು ಅನ್ನೋದು ನನ್ನ ತಲೆಯಲ್ಲಿ ಇಷ್ಟು ವರ್ಷ ಕೊರೆಯುತ್ತಲೇ ಇದೆ. ಯಾಕಂದ್ರೆ ರೇವಾ ಮುಳುಗಲಿಲ್ಲ. ದುಡ್ಡು ಬಂತು, ಹೊಸ ಫ್ಯಾಕ್ಟರಿ ಬಂತು, ಹೊಸ ಕಾರೂ ಬಂತು. ಆದರೂ ನಾವು ಕಾಯುತ್ತಿದ್ದ ಕಾರು ಬರಲಿಲ್ಲ.

ಮಾಲೀಕರು ಬದಲಾದ ಮೇಲೆ ಬರುವ ಮೊದಲ ಗಾಡಿ ನೋಡಿ ಹೊಸ ಮಾಲೀಕರನ್ನು ಅಳೆಯಬಾರದು ಅಂತ ನಾನು ನಂಬಿರೋದು ಈ ಕಂಪನಿಯನ್ನು ನೋಡಿಯೇ. ಎರಡನೆಯದಕ್ಕೆ ಕಾಯಬೇಕು. ಮೂರನೆಯದು ಬಂತಾ, ಬರಲೇ ಇಲ್ವಾ ಅಂತ ನೋಡಬೇಕು.

ಚಿಕ್ಕಪ್ಪನ ಗಾಡಿ

ಜಯನಗರದಲ್ಲಿದ್ದ ನಮ್ಮ ಚಿಕ್ಕಪ್ಪ ರೇವಾ ತಗೊಂಡಿದ್ದರು. ಪಾರ್ಕಿಂಗಿಗೆ ಅಂತ ಇದ್ದದ್ದು ಗೇಟಿಗೂ ಮೆಟ್ಟಿಲಿಗೂ ನಡುವಿನ ಜಾಗ. ಬೇರೆ ಯಾವ ಕಾರೂ ಅಲ್ಲಿ ಹಿಡಿಸುತ್ತಿರಲಿಲ್ಲ. ರೇವಾದ ಉದ್ದ 2.6 ಮೀಟರ್ ಮಾತ್ರ, ಆರಾಮಾಗಿ ನಿಲ್ಲುತ್ತಿತ್ತು. ಗೀಜರಿಗೆ ಹಾಕುತ್ತಾರಲ್ಲ, ಅಂಥದ್ದೇ 15 ಆಂಪ್ ಪ್ಲಗ್ ಪಾಯಿಂಟು ಗೋಡೆಗೆ ಹಾಕಿಸಿದ್ದರು, ಮೇಲೆ ಮಳೆ ಬೀಳದ ಹಾಗೆ ಒಂದು ತಗಡು. ರಾತ್ರಿ ಊಟ ಆದಮೇಲೆ ಹೊರಗೆ ಬಂದು ವೈರ್ ಚುಚ್ಚಿ, ದೀಪ ಹತ್ತಿತಾ ನೋಡಿ, ಬಾಗಿಲು ಹಾಕಿಕೊಂಡು ಮಲಗುತ್ತಿದ್ದರು. ಪೂರ್ತಿ ಚಾರ್ಜಿಗೆ ಎಂಟು ಗಂಟೆ, ಶೇ. 80ರಷ್ಟು ತುಂಬಲು ಎರಡೂವರೆ ಗಂಟೆ. ಒಮ್ಮೆ ತುಂಬಿದರೆ 80 ಕಿಲೋಮೀಟರ್ ಅಂತ ಕಂಪನಿ ಲೆಕ್ಕ. ಚಿಕ್ಕಪ್ಪನ ಪ್ರಪಂಚ ಅದಕ್ಕಿಂತ ಚಿಕ್ಕದಿತ್ತು: ಬ್ಯಾಂಕು, ಗಾಂಧಿ ಬಜಾರು, ಮಗಳ ಮನೆ, ಸಂಜೆ ಲಾಲ್‌ಬಾಗು.

ನಾನು ಮೊದಲ ಸಲ ಅದರಲ್ಲಿ ಕೂತದ್ದು ಗಾಂಧಿ ಬಜಾರಿಗೆ ಹೋಗುವಾಗ. ಗೇರ್ ಇಲ್ಲ, ಕ್ಲಚ್ ಇಲ್ಲ, ತಿರುಗಿಸೋದಕ್ಕೆ ಒಂದು ನಾಬ್ ಅಷ್ಟೇ. ಸಿಗ್ನಲ್‌ನಲ್ಲಿ ನಿಂತಾಗ ಸದ್ದೇ ಇಲ್ಲದ್ದು ನೋಡಿ "ಚಿಕ್ಕಪ್ಪ, ಗಾಡಿ ಆಫ್ ಆಯ್ತಾ?" ಅಂದೆ. "ಇಲ್ಲ ಕಣೋ, ಇದು ಇರೋದೇ ಹೀಗೆ" ಅಂದು ಕಾಲು ಒತ್ತಿದರು, ಪಕ್ಕದ ಆಟೋದವನಿಗಿಂತ ಮೊದಲೇ ಹೊರಟೆವು. ಬಜಾರಿನ ಜನಕ್ಕೆ ಹಿಂದೆ ಕಾರು ಬಂದದ್ದೇ ಗೊತ್ತಾಗುತ್ತಿರಲಿಲ್ಲ. ಹೂವಿನ ಬುಟ್ಟಿ ಹಿಡಿದ ಅಮ್ಮನೊಬ್ಬರಿಗೆ ದಾರಿ ಬಿಡಿ ಅಂತ ಹಾರ್ನ್ ಮಾಡೋಕೂ ಮನಸ್ಸಾಗದೆ ಕಿಟಕಿ ಇಳಿಸಿ "ಸ್ವಲ್ಪ ಜಾಗ ಬಿಡಿ ತಾಯಿ" ಅಂದರು. ಗಾಡಿ ನಿಲ್ಲಿಸಿ ಇಳಿದ ಮೇಲೆ ಮುಂದಿನ ಮಡ್‌ಗಾರ್ಡಿನ ಮೇಲೆ ಬೆರಳಿನಿಂದ ಟೊಕ್ ಟೊಕ್ ಅಂತ ಬಡಿದು ತೋರಿಸಿದರು. ತಗಡಲ್ಲ, ಎಬಿಎಸ್ ಪ್ಲಾಸ್ಟಿಕ್. ಬಣ್ಣ ಮೇಲೆ ಹೊಡೆದದ್ದಲ್ಲ, ಪ್ಲಾಸ್ಟಿಕ್‌ನೊಳಗೇ ಬೆರೆತದ್ದು. ಯಾರಾದರೂ ಬೈಕಿನಿಂದ ಗೀಚಿದರೂ ಒಳಗೆ ಅದೇ ಬಣ್ಣ. ನಮ್ಮ ಊರಿನ ಟ್ರಾಫಿಕ್ ನೋಡಿಯೇ ಯೋಚನೆ ಮಾಡಿದ ಹಾಗಿತ್ತು ಆ ಕಾರು, ಅದಕ್ಕೇ ಚಿಕ್ಕಪ್ಪನಿಗೆ ಅದರ ಮೇಲೆ ಅಷ್ಟು ಅಭಿಮಾನ.

ಕೊರತೆ ಇರಲಿಲ್ಲ ಅಂತಲ್ಲ. ಹಿಂದಿನ ಸೀಟು ಮಕ್ಕಳಿಗೆ ಮಾತ್ರ. ಸೀಸದ ಬ್ಯಾಟರಿ, ಅದರ ಭಾರ. ಲಂಡನ್‌ನಲ್ಲಿ ಇದೇ ಗಾಡಿ ಜಿ-ವಿಜ್ ಅನ್ನೋ ಹೆಸರಲ್ಲಿ ಓಡಿತು. ಅಲ್ಲಿ ನಗರದ ಮಧ್ಯಕ್ಕೆ ಹೋಗುವ ಗಾಡಿಗಳಿಗೆ ಹಾಕುವ ಕಂಜೆಶನ್ ಚಾರ್ಜ್ ಇದಕ್ಕಿರಲಿಲ್ಲ, ಹಾಗಾಗಿ ಒಳ್ಳೆ ಬೇಡಿಕೆ ಬಂತು. ಕಾನೂನಿನ ಲೆಕ್ಕದಲ್ಲಿ ಮಾತ್ರ ಅದು ಕಾರಲ್ಲ, ಕ್ವಾಡ್ರಿಸೈಕಲ್, ಅಂದರೆ ಕಾರಿಗಿಂತ ಕೆಳಗಿನ ದರ್ಜೆಯ ಹಗುರ ನಾಲ್ಕು ಚಕ್ರದ ಗಾಡಿ. ಸುರಕ್ಷತೆಯ ಬಗ್ಗೆ ಅಲ್ಲಿನ ಪತ್ರಿಕೆ, ಟಿವಿಗಳಲ್ಲಿ ಸಾಕಷ್ಟು ಬೈಗುಳ ತಿಂದಿತು. ಆ ಬೈಗುಳದಲ್ಲಿ ನಿಜವೂ ಇತ್ತು. ರೇವಾ ಕಟ್ಟಿದ ಚೇತನ್ ಮೈನಿ ಮತ್ತು ಅವರ ತಂಡಕ್ಕೆ ಇದೆಲ್ಲ ಗೊತ್ತಿತ್ತು. 2009ರ ಜನವರಿಯಲ್ಲೇ ಲಿಥಿಯಂ ಬ್ಯಾಟರಿಯ ರೇವಾ ತಂದರು. ಅದೇ ವರ್ಷ ಫ್ರಾಂಕ್‌ಫರ್ಟ್ ಮೋಟಾರ್ ಶೋನಲ್ಲಿ ಎರಡು ಹೊಸ ಕಾರು ತೋರಿಸಿದರು. ಒಂದು ಎನ್‌ಎಕ್ಸ್‌ಆರ್, ನಾಲ್ಕು ಜನ ಕೂರುವ ಪುಟ್ಟ ಹ್ಯಾಚ್‌ಬ್ಯಾಕ್. ಇನ್ನೊಂದು ಎನ್‌ಎಕ್ಸ್‌ಜಿ, ದಿಲೀಪ್ ಛಾಬ್ರಿಯಾ ವಿನ್ಯಾಸ ಮಾಡಿದ ಎರಡು ಸೀಟಿನ ಗಾಡಿ. ಚಾರ್ಜ್ ಮುಗಿದರೆ ಒಂದು ಮೆಸೇಜ್ ಕಳಿಸಿದರೆ ಸಾಕು, ಬ್ಯಾಟರಿಯಲ್ಲಿ ಎತ್ತಿಟ್ಟ ಸ್ವಲ್ಪ ಶಕ್ತಿಯನ್ನು ಕಂಪನಿಯವರು ದೂರದಿಂದಲೇ ಬಿಡುಗಡೆ ಮಾಡುವ ವ್ಯವಸ್ಥೆಯನ್ನೂ ಅಲ್ಲೇ ಹೇಳಿದರು. 2009ರಲ್ಲಿ! ಆಗ ನಮ್ಮಲ್ಲಿ ಬಹಳ ಜನರ ಕೈಲಿ ಇದ್ದದ್ದು ಕೀಪ್ಯಾಡ್ ಫೋನು.

ಮಹೀಂದ್ರಾ ಸುದ್ದಿ ಬಂದಾಗ ಚಿಕ್ಕಪ್ಪ ಖುಷಿಯಾಗಿದ್ದರು. "ಇನ್ನು ದುಡ್ಡಿಗೆ ಬರ ಇಲ್ಲ ಬಿಡು. ಆ ನಾಲ್ಕು ಸೀಟಿನದ್ದು ಬಂದೇ ಬರುತ್ತೆ" ಅಂದರು. ಅವರ ಮಾತು ನಿಜವೇ ಆಯಿತು.

ಮೊದಲ ಗಾಡಿ ಯಾರದ್ದು?

2013ರ ಮಾರ್ಚಿನಲ್ಲಿ ಇ2ಓ ಬಂತು. ಅದರ ಹಿಂದಿನ ವರ್ಷ ಬೊಮ್ಮಸಂದ್ರದಲ್ಲಿ ವರ್ಷಕ್ಕೆ 30 ಸಾವಿರ ಕಾರು ಮಾಡುವ ಶಕ್ತಿಯ ಹೊಸ ಫ್ಯಾಕ್ಟರಿ ಶುರುವಾಗಿತ್ತು. ಮಹೀಂದ್ರಾ ಬಂದದ್ದಕ್ಕೆ ರೇವಾ ಬದುಕಿತು, ನೋಡಿ ಎಂಥ ಕಾರು ತಂದರು ಅಂತ ಎಲ್ಲರೂ ಹೇಳಿದರು. ಆದರೆ ಇ2ಓ ಅಂದರೆ ಫ್ರಾಂಕ್‌ಫರ್ಟ್‌ನಲ್ಲಿ ತೋರಿಸಿದ ಎನ್‌ಎಕ್ಸ್‌ಆರ್ ಬೆಳೆದು ಬಂದದ್ದು. ಆ ಮೆಸೇಜ್ ವ್ಯವಸ್ಥೆಯೂ ಅದರ ಜೊತೆಗೇ ಬಂತು, ಈ ಸಲ ಮೊಬೈಲ್ ಆ್ಯಪ್ ಆಗಿ. ಒಂದು ಕಾರು ಕಾಗದದಿಂದ ಶೋರೂಮಿಗೆ ಬರೋಕೆ ನಾಲ್ಕೈದು ವರ್ಷ ಬೇಕು. ಅಚ್ಚು ಮಾಡಿಸಬೇಕು, ಬಿಡಿಭಾಗ ಕೊಡುವವರ ಜೊತೆ ಒಪ್ಪಂದ ಆಗಬೇಕು, ಪರೀಕ್ಷೆ ಮುಗಿಯಬೇಕು. ಹಾಗಾಗಿ ಕಂಪನಿ ಕೊಂಡವರು ಮೊದಲು ಬಿಡುಗಡೆ ಮಾಡುವ ಗಾಡಿ ಹೆಚ್ಚಿನ ಸಲ ಹಳೇ ಮಾಲೀಕರ ಕಾಲದ್ದೇ ಆಗಿರುತ್ತದೆ. ಮನೆ ಕೊಂಡ ವರ್ಷ ಹಿತ್ತಲಿನ ಮಾವಿನ ಹಣ್ಣು ತಿಂದ ಹಾಗೆ, ಗಿಡ ನೆಟ್ಟವರು ಬೇರೆ.

ಇದು ರೇವಾದ ಕತೆ ಮಾತ್ರ ಅಲ್ಲ. ಟಾಟಾ 2008ರ ಜೂನ್‌ನಲ್ಲಿ ಫೋರ್ಡ್‌ನಿಂದ ಜಾಗ್ವಾರ್ ಲ್ಯಾಂಡ್ ರೋವರ್ ಕೊಂಡಿತು. ಆಮೇಲೆ 2011ರಲ್ಲಿ ಇವೋಕ್ ಬಂದು ಸಿಕ್ಕಾಪಟ್ಟೆ ಗೆದ್ದಿತು, ಟಾಟಾ ಕೈ ಹಾಕಿದ್ದಕ್ಕೇ ಅಂತ ನಾವೆಲ್ಲ ಬೀಗಿದೆವು. ಆದರೆ ಇವೋಕ್‌ನ ಮೊದಲ ರೂಪವನ್ನು ಡೆಟ್ರಾಯಿಟ್‌ನಲ್ಲಿ ತೋರಿಸಿದ್ದು 2008ರ ಜನವರಿಯಲ್ಲಿ. ಆಗ ಮಾಲೀಕರು ಫೋರ್ಡ್. ಟಾಟಾ ಮಾಡಿದ ದೊಡ್ಡ ಕೆಲಸ ಅಂದರೆ ಅದನ್ನು ನಿಲ್ಲಿಸದೆ ದುಡ್ಡು ಹಾಕಿದ್ದು, ಅದೂ ಜಗತ್ತೆಲ್ಲ ಆರ್ಥಿಕ ಹಿಂಜರಿತದಲ್ಲಿ ಒದ್ದಾಡುತ್ತಿದ್ದಾಗ. ಅದು ಸಣ್ಣ ವಿಷಯ ಅಲ್ಲ. ಟಾಟಾ ಕಾಲದ ನಿಜವಾದ ನಿರ್ಧಾರಗಳು ಕಂಡದ್ದು ಇನ್ನೂ ತಡವಾಗಿ: 2014ರಲ್ಲಿ ವುಲ್ವರ್‌ಹ್ಯಾಂಪ್ಟನ್‌ನಲ್ಲಿ ಸ್ವಂತ ಎಂಜಿನ್ ಫ್ಯಾಕ್ಟರಿ, ಮುಂದೆ ಲ್ಯಾಂಡ್ ರೋವರ್‌ನ ತಳಹದಿಯಿಂದ (ಪ್ಲಾಟ್‌ಫಾರ್ಮ್, ಅಂದರೆ ಗಾಡಿಯ ಕೆಳಗಿನ ಮೂಲ ಚೌಕಟ್ಟು) ರೂಪಿಸಿದ ನಮ್ಮ ಹ್ಯಾರಿಯರ್. ಕೊಳ್ಳುವಿಕೆ ಎರಡೂ ಕಡೆಯ ಗಾಡಿ ಬದಲಾಯಿಸುತ್ತದೆ ಅನ್ನೋದಕ್ಕೆ ಹ್ಯಾರಿಯರ್‌ಗಿಂತ ಒಳ್ಳೆ ಉದಾಹರಣೆ ನಮ್ಮ ರಸ್ತೆಯಲ್ಲಿ ಬೇರೆ ಇಲ್ಲ.

ಎರಡನೇ ಗಾಡಿಯಲ್ಲಿ ಮಾಲೀಕರು ಕಾಣುತ್ತಾರೆ ಅಂದೆನಲ್ಲ, ಅದು ಸ್ವೀಡನ್ನಿನಲ್ಲಿ ಚೆನ್ನಾಗಿ ಕಾಣುತ್ತದೆ. ಅಲ್ಲಿನ ಎರಡೂ ಕಾರು ಕಂಪನಿಗಳು ಅಮೆರಿಕದವರ ಕೈಗೆ ಹೋದವು. ಸಾಬ್ ಜನರಲ್ ಮೋಟಾರ್ಸ್‌ಗೆ, ವೋಲ್ವೋ ಕಾರು ಫೋರ್ಡ್‌ಗೆ. (ನಮ್ಮ ಐರಾವತ ಬಸ್ಸಿನ ವೋಲ್ವೋ ಬೇರೆ ಕಂಪನಿ, 1999ರಲ್ಲಿ ಕಾರು ವಿಭಾಗ ಮಾರಿದವರೇ ಅವರು.) ಸಾಬ್‌ನ ಎಂಜಿನಿಯರುಗಳಿಗೆ ಸ್ವಂತ ಗಾಡಿ ಮಾಡೋಕೆ ಸಾಕಷ್ಟು ದುಡ್ಡು ಸಿಗಲಿಲ್ಲ. ಬದಲಿಗೆ ಸುಬಾರು ಇಂಪ್ರೆಜಾಗೆ ಸಾಬ್ ಹೆಸರು ಅಂಟಿಸಿ ಒಂದು ಕಾರು, ಷೆವರ್ಲೆ ಟ್ರೈಲ್‌ಬ್ಲೇಜರ್‌ಗೆ ಅಂಟಿಸಿ ಇನ್ನೊಂದು. 2011ರ ಡಿಸೆಂಬರಿನಲ್ಲಿ ಸಾಬ್ ದಿವಾಳಿಯಾಯಿತು. ವೋಲ್ವೋ 2010ರಲ್ಲಿ ಚೀನಾದ ಜೀಲಿ ಕೈಗೆ ಹೋದಾಗ ಎಲ್ಲರೂ ಕತೆ ಮುಗೀತು ಅಂದುಕೊಂಡರು. ಜೀಲಿ ಮಾಡಿದ್ದು ಒಂದೇ ಕೆಲಸ, ದುಡ್ಡು ಕೊಟ್ಟು ವೋಲ್ವೋದ ತವರಾದ ಗೋಥೆನ್‌ಬರ್ಗ್‌ನವರಿಗೇ ಹೊಸ ತಳಹದಿ ಕಟ್ಟೋಕೆ ಬಿಟ್ಟದ್ದು. ನಾಲ್ಕು ವರ್ಷ ಆದಮೇಲೆ ಹೊಸ ಎಕ್ಸ್‌ಸಿ90 ಬಂತು. ಅದೇ ಗಾಡಿಯನ್ನು 2017ರಿಂದ ಹೊಸಕೋಟೆಯಲ್ಲಿ ಜೋಡಿಸುತ್ತಾ ಬಂದಿದ್ದಾರೆ.

ಟೇಪ್ ಹಿಡಿದು ಅಳೆದರೆ

ಈಗ ಬೊಮ್ಮಸಂದ್ರಕ್ಕೆ ವಾಪಸ್ ಬರೋಣ. ರೇವಾ 2.6 ಮೀಟರ್. ಇ2ಓ 3.28 ಮೀಟರ್. 2016ರಲ್ಲಿ ಬಂದ ನಾಲ್ಕು ಬಾಗಿಲಿನ ಇ2ಓ ಪ್ಲಸ್ 3.59 ಮೀಟರ್. ಇಲ್ಲಿಗೆ ರೇವಾ ವಂಶದ ಸಣ್ಣ ಕಾರು ನಿಂತುಹೋಯಿತು, 2019ರಲ್ಲಿ ಇ2ಓ ಪ್ಲಸ್ ಮಾರಾಟ ಮುಗಿಯಿತು. ಆಮೇಲೆ ಬಂದ ಮಹೀಂದ್ರಾ ಎಲೆಕ್ಟ್ರಿಕ್ ಕಾರು 2023ರ ಎಕ್ಸ್‌ಯುವಿ400, 4.2 ಮೀಟರ್. 2024ರ ನವೆಂಬರಿನಲ್ಲಿ ಬಂದ ಬಿಇ 6 ಸುಮಾರು 4.4 ಮೀಟರ್, ಅದರ ಜೊತೆಗಿನ ಎಕ್ಸ್‌ಇವಿ 9ಇ ಸುಮಾರು 4.8 ಮೀಟರ್. ಚಿಕ್ಕಪ್ಪನ ಗೇಟಿನೊಳಗೆ ಇದರ ಮುಂದಿನ ಚಕ್ರ ಬಂದರೆ ಹೆಚ್ಚು. ಬೆಲೆಯೂ ಹಾಗೇ ಉದ್ದವಾಯಿತು. ಇ2ಓ ದೆಹಲಿಯಲ್ಲಿ ಬಿಡುಗಡೆಯಾದಾಗ 6 ಲಕ್ಷದ ಆಸುಪಾಸು. ಬಿಇ 6 ಶುರುವಾದದ್ದು 18.9 ಲಕ್ಷಕ್ಕೆ.

ನಡುವಿನ ಎರಡು ಗಾಡಿ ಇನ್ನೂ ಆಸಕ್ತಿ ಹುಟ್ಟಿಸುತ್ತವೆ. 2016ರ ಇವೆರಿಟೋ ನೆನಪಿದೆಯಾ? ಅದರ ದೇಹ ರೆನೋ ಜೊತೆಗಿನ ಪಾಲುದಾರಿಕೆಯಲ್ಲಿ ಬಂದ ಲೋಗನ್‌ನದ್ದು. 2010ರಲ್ಲಿ ರೆನೋ ಹೊರಗೆ ಹೋಯಿತು, ಲೋಗನ್ ವೆರಿಟೋ ಆಯಿತು, ಅದರೊಳಗೆ ಎಲೆಕ್ಟ್ರಿಕ್ ಮೋಟಾರು, ಬ್ಯಾಟರಿ ಕೂತವು. ಎಕ್ಸ್‌ಯುವಿ400ರ ಬೇರು ಕೊರಿಯಾದಲ್ಲಿದೆ. ಮಹೀಂದ್ರಾ 2011ರಲ್ಲಿ ಸಾಂಗ್‌ಯಾಂಗ್ ಕಂಪನಿಯನ್ನು ಕೈಗೆ ತಗೊಂಡಿತ್ತು. ಅವರ ಟಿವೋಲಿ ಕಾರಿನ ತಳಹದಿಯ ಮೇಲೆ ಎಕ್ಸ್‌ಯುವಿ300 ಆಯಿತು, ಅದನ್ನು ಉದ್ದ ಮಾಡಿ ಬ್ಯಾಟರಿ ಹಾಕಿದ್ದು ಎಕ್ಸ್‌ಯುವಿ400. ಒಂದು ಮನೆಗೆ ಬಂದ ಮೇಲೆ ಆ ಮನೆಯಲ್ಲಿ ಏನಿದೆಯೋ ಅದರಿಂದಲೇ ಅಡುಗೆ. ಬೊಮ್ಮಸಂದ್ರದವರು ಸೊನ್ನೆಯಿಂದ ಬರೆದ ಸಣ್ಣ ಕಾರಿನ ಬದಲು ಗೋದಾಮಿನಲ್ಲಿದ್ದ ಲೋಗನ್, ಟಿವೋಲಿ ಬಳಕೆಯಾದವು. ದುಡ್ಡಿನ ಲೆಕ್ಕದಲ್ಲಿ ಇದು ಸರಿ. ಹೊಸ ಅಚ್ಚಿಗೆ ನೂರಾರು ಕೋಟಿ ಹಾಕುವ ಬದಲು ಇರೋದನ್ನೇ ಬಳಸಿದರೆ ಯಾರು ಬೇಡ ಅಂತಾರೆ?

ಇವೆರಿಟೋದಲ್ಲಿ ನಾನು ಆಫೀಸಿನ ಕ್ಯಾಬ್ ಆಗಿ ಓಡಾಡಿದ್ದೇನೆ. ಆ ವರ್ಷಗಳಲ್ಲಿ ಬೆಂಗಳೂರಿನ ಐಟಿ ಕಂಪನಿಗಳಿಗೆ ಎಲೆಕ್ಟ್ರಿಕ್ ಕ್ಯಾಬ್ ಬರತೊಡಗಿದ್ದವು. ಇ2ಓ, ಇವೆರಿಟೋ ಎರಡೂ ಇರುತ್ತಿದ್ದವು. ಒಂದು ರಾತ್ರಿ ಪಾಳಿ ಮುಗಿಸಿ ಸಿಲ್ಕ್ ಬೋರ್ಡ್ ಹತ್ತಿರ ಬರುವಾಗ ಡ್ರೈವರ್‌ನ ಕೇಳಿದೆ, ಯಾವ ಗಾಡಿ ಇಷ್ಟ ಅಂತ. ರಾಮನಗರದ ಕಡೆಯ ಹುಡುಗ. "ಇದ್ರಲ್ಲಿ ಹಿಂದೆ ಕೂತವ್ರು ಆರಾಮಾಗಿ ನಿದ್ದೆ ಮಾಡ್ತಾರೆ ಸರ್, ಆದ್ರೆ ನಂಗೆ ಆ ಚಿಕ್ಕದೇ ಇಷ್ಟ. ಎಲ್ಲಿ ಬೇಕಾದ್ರೂ ನುಗ್ಗುತ್ತೆ. ಯೂ ಟರ್ನ್ ಒಂದೇ ಸಲಕ್ಕೆ" ಅಂದ. ದಿನವಿಡೀ ಈ ಊರಲ್ಲಿ ಸ್ಟೀರಿಂಗ್ ಹಿಡಿದವನ ಮಾತು ಅದು. ಬೆಳಗ್ಗೆ ಬೇಸ್‌ಮೆಂಟಿನಲ್ಲಿ ಸಾಲಾಗಿ ಚಾರ್ಜಿಗೆ ನಿಂತ ಇ2ಓಗಳನ್ನು ನೋಡಿದಾಗ ನನಗೂ ಹಾಗೇ ಅನ್ನಿಸುತ್ತಿತ್ತು. ದೊಡ್ಡ ಕಾರು ಎರಡು ನಿಲ್ಲುವ ಕಡೆ ಅವು ಮೂರು ನಿಂತಿರುತ್ತಿದ್ದವು.

ಯಾರೂ ಕೊಲ್ಲಲಿಲ್ಲ

ಮಹೀಂದ್ರಾ ರೇವಾವನ್ನು ಮುಗಿಸಿತು ಅಂತ ಕೆಲವರು ಸಿಟ್ಟಿನಲ್ಲಿ ಹೇಳುತ್ತಾರೆ. ನಾನು ಒಪ್ಪಲ್ಲ. ಕಾಲವೂ ಕೈಕೊಟ್ಟಿತು. ಕೇಂದ್ರ ಸರ್ಕಾರದ ಎಲೆಕ್ಟ್ರಿಕ್ ಗಾಡಿ ಸಹಾಯಧನ 2012ರ ಮಾರ್ಚಿಗೆ ನಿಂತಿತು. ಮುಂದಿನ ಯೋಜನೆ, ಅಂದರೆ ಫೇಮ್, ಶುರುವಾದದ್ದು 2015ರ ಏಪ್ರಿಲ್‌ನಲ್ಲಿ. ಇ2ಓ ಹುಟ್ಟಿದ್ದು ಸರಿಯಾಗಿ ಈ ಎರಡರ ನಡುವೆ. ಅಷ್ಟೇ ದುಡ್ಡಿಗೆ ಐದು ಜನ ಕೂರುವ ಪೆಟ್ರೋಲ್ ಕಾರು ಸಿಗುವಾಗ, ಚಾರ್ಜಿಂಗ್ ಜಾಗಗಳೇ ಇಲ್ಲದಾಗ, 100 ಕಿಲೋಮೀಟರ್ ಓಡುವ ಎರಡು ಬಾಗಿಲಿನ ಕಾರನ್ನು ಸಾಮಾನ್ಯ ಸಂಸಾರಸ್ಥ ಯಾಕೆ ತಗೊಳ್ತಾನೆ? ಮೊದಲಿನ ಹಾಗೆ ಒಬ್ಬಂಟಿಯಾಗಿದ್ದರೆ ರೇವಾ ಆ ಮೂರು ವರ್ಷ ದಾಟುತ್ತಿತ್ತು ಅಂತ ನನಗೆ ಅನ್ನಿಸಲ್ಲ. ಮಹೀಂದ್ರಾ ದುಡ್ಡಿಲ್ಲದಿದ್ದರೆ ಇ2ಓ ಕೂಡ ಫ್ರಾಂಕ್‌ಫರ್ಟಿನ ಫೋಟೋ ಆಗಿಯೇ ಉಳಿಯುತ್ತಿತ್ತು.

ಬ್ಯಾಟರಿಯ ಲೆಕ್ಕ ಇನ್ನೊಂದು. ಸಣ್ಣ ಕಾರಿನ ಬೆಲೆಯಲ್ಲಿ ಬ್ಯಾಟರಿಯ ಪಾಲು ಎದ್ದು ಕಾಣುತ್ತದೆ. 20 ಲಕ್ಷದ ಗಾಡಿಯಲ್ಲಿ ಅದು ಪರದೆ, ಗಾಜಿನ ಛಾವಣಿ, ಸ್ಪೀಕರುಗಳ ನಡುವೆ ಮುಚ್ಚಿಹೋಗುತ್ತದೆ, ಲಾಭವೂ ಉಳಿಯುತ್ತದೆ. ಪೆಟ್ರೋಲ್ ಕಾರು ನಾಲ್ಕು ಮೀಟರಿನೊಳಗೆ ಇದ್ದು ಎಂಜಿನ್ನೂ ಚಿಕ್ಕದಾಗಿದ್ದರೆ ತೆರಿಗೆ ಕಡಿಮೆ. ಅದಕ್ಕೇ ನಮ್ಮಲ್ಲಿ ಅಷ್ಟೊಂದು ಗಾಡಿಗಳು 3,995 ಮಿಲಿಮೀಟರಿಗೆ ಬಂದು ನಿಲ್ಲೋದು. ಎಲೆಕ್ಟ್ರಿಕ್‌ಗೆ ಹಾಗಿಲ್ಲ. ಚಿಕ್ಕದಾಗಲಿ ದೊಡ್ಡದಾಗಲಿ ಜಿಎಸ್‌ಟಿ ಶೇ. 5. ಚಿಕ್ಕದು ಮಾಡು ಅಂತ ಸರ್ಕಾರವೂ ಹೇಳುತ್ತಿಲ್ಲ, ಮಾರುಕಟ್ಟೆಯೂ ಹೇಳುತ್ತಿಲ್ಲ. ಇಂಥ ಕಡೆ ಸಣ್ಣ ಕಾರು ಉಳಿಯಬೇಕಾದರೆ ಕಂಪನಿಯೊಳಗೇ ಯಾರಾದರೂ ಅದಕ್ಕಾಗಿ ಮೇಜು ಕುಟ್ಟಬೇಕು.

ಮಾಲೀಕತ್ವ ಬದಲಾದಾಗ ಹೋಗೋದು ಇದೇ ಅನ್ನೋದು ನನ್ನ ವಾದ. ಹಳೇ ರೇವಾ ಕಂಪನಿಗೆ ಸಣ್ಣ ಎಲೆಕ್ಟ್ರಿಕ್ ಕಾರು ಬಿಟ್ಟರೆ ಬೇರೆ ಬದುಕೇ ಇರಲಿಲ್ಲ. ಅದು ಸೋತರೆ ಬಾಗಿಲು ಹಾಕಬೇಕಿತ್ತು, ಹಾಗಾಗಿ ಸೋಲದ ಹಾಗೆ ಮಾಡೋಕೆ ಹಗಲೂ ರಾತ್ರಿ ಒದ್ದಾಡುತ್ತಿದ್ದರು. ಜೀಪು, ಟ್ರ್ಯಾಕ್ಟರು, ಸ್ಕಾರ್ಪಿಯೋ ಮಾರುವ ದೊಡ್ಡ ಮನೆಯಲ್ಲಿ ಅದು ಹತ್ತರಲ್ಲಿ ಒಂದು ವಿಭಾಗ. ಮೀಟಿಂಗಿನಲ್ಲಿ ಅದರ ಪಾಳಿ ಕೊನೆಗೆ. ಚೇತನ್ ಮೈನಿ ಕೆಲವು ವರ್ಷ ಇದ್ದು ಹೊರಗೆ ಬಂದರು, ಮುಂದೆ ಬ್ಯಾಟರಿ ಬದಲಾಯಿಸಿಕೊಡುವ ಸನ್ ಮೊಬಿಲಿಟಿ ಕಟ್ಟುವುದರಲ್ಲಿ ಕೈ ಹಾಕಿದರು. 2016ರಲ್ಲಿ ಕಂಪನಿಯ ಹೆಸರಿನಿಂದ ರೇವಾ ಅನ್ನೋ ಪದ ಹೋಗಿ ಮಹೀಂದ್ರಾ ಎಲೆಕ್ಟ್ರಿಕ್ ಆಯಿತು. ಚೇತನ್ ಅವರ ತಾಯಿಯ ಹೆಸರದು. ಎನ್‌ಎಕ್ಸ್‌ಜಿ ಯಾವತ್ತೂ ಬರಲೇ ಇಲ್ಲ.

ಕಲಿತದ್ದು ಮಾತ್ರ ದಂಡವಾಗಲಿಲ್ಲ, ಇದನ್ನು ಹೇಳದೆ ಇದ್ದರೆ ಅನ್ಯಾಯ. 2018ರ ನವೆಂಬರಿನಲ್ಲಿ ಟ್ರಿಯೋ ಎಲೆಕ್ಟ್ರಿಕ್ ಆಟೋ ಬಂತು, ಬೊಮ್ಮಸಂದ್ರದಿಂದಲೇ. ಬೆಂಗಳೂರಿನ ಬ್ಯಾಟರಿ, ಮೋಟಾರು, ಕಂಟ್ರೋಲರ್ ಅನುಭವವೆಲ್ಲ ಮೂರು ಚಕ್ರದಲ್ಲಿ ಚೆನ್ನಾಗಿ ದುಡಿಯಿತು. ದಿನಕ್ಕೆ ನೂರು ಕಿಲೋಮೀಟರ್ ಓಡಿಸುವ ಆಟೋದವರಿಗೆ ಇಂಧನದ ಉಳಿತಾಯ ಸಂಜೆಗೇ ಜೇಬಲ್ಲಿ ಕಾಣುತ್ತದೆ. ಆಟೋದಲ್ಲಿ ಗೆದ್ದದ್ದಕ್ಕೆ ನನಗೆ ಖುಷಿಯೇ ಇದೆ. ಕಾರಿನ ವಿಷಯಕ್ಕೆ ಮಾತ್ರ ಮನಸ್ಸು ಒಪ್ಪುತ್ತಿಲ್ಲ.

ಈಗ ಆ ಜಾಗದಲ್ಲಿ ಯಾರಿದ್ದಾರೆ

ಇವತ್ತು ಬಸವನಗುಡಿಯಲ್ಲೋ ಇಂದಿರಾನಗರದಲ್ಲೋ ಎರಡು ಬಾಗಿಲಿನ, ನಾಲ್ಕು ಸೀಟಿನ, ಮೂರು ಮೀಟರಿಗೂ ಕಡಿಮೆ ಉದ್ದದ ಎಲೆಕ್ಟ್ರಿಕ್ ಕಾರು ಕಂಡರೆ ಅದು ಎಂಜಿ ಕಾಮೆಟ್. 2023ರಲ್ಲಿ 7.98 ಲಕ್ಷಕ್ಕೆ ಬಂತು. ಇಂಗ್ಲೆಂಡಿನ ಹಳೇ ಹೆಸರು, ಚೀನಾದ ಎಸ್‌ಎಐಸಿ ಮಾಲೀಕತ್ವ, ಕಾರಿನ ಮೂಲ ವೂಲಿಂಗ್ ಏರ್. ತಯಾರಾಗೋದು ಗುಜರಾತಿನ ಹಲೋಲ್‌ನಲ್ಲಿ, ಅದು ಜನರಲ್ ಮೋಟಾರ್ಸ್ ಬಿಟ್ಟುಹೋದ ಫ್ಯಾಕ್ಟರಿ. ಇದೇ ಜನರಲ್ ಮೋಟಾರ್ಸ್ 2009ರಲ್ಲಿ ರೇವಾ ಜೊತೆ ಸೇರಿ ಸ್ಪಾರ್ಕ್ ಕಾರನ್ನು ಎಲೆಕ್ಟ್ರಿಕ್ ಮಾಡ್ತೀವಿ ಅಂದಿತ್ತು, ಮಹೀಂದ್ರಾ ಬಂದ ಮೇಲೆ ಹಿಂದೆ ಸರಿಯಿತು. ಒಂದು ಕೈ ಬದಲಾವಣೆ ನಿಲ್ಲಿಸಿದ ಗಾಡಿಗಳ ಪಟ್ಟಿಗೆ ಅದನ್ನೂ ಸೇರಿಸಬೇಕು.

ಕಾಮೆಟ್‌ನ ಮುಂದೇನು ಅಂತ ಕೇಳುವ ಸಮಯವೂ ಬಂದಿದೆ. ಎಂಜಿ ಇಂಡಿಯಾದ ಶೇ. 35 ಪಾಲಿಗೆ ಜೆಎಸ್‌ಡಬ್ಲ್ಯೂ ಒಪ್ಪಂದ ಮಾಡಿಕೊಂಡದ್ದು 2023ರ ಕೊನೆಗೆ, ಅದಾದ ಮೇಲೆ ಜೋರಾಗಿ ಮಾರಾಟವಾದದ್ದು ವಿಂಡ್ಸರ್. ಅದೂ ಚೀನಾದಲ್ಲಿ ಮೊದಲೇ ಇದ್ದ ಗಾಡಿ. ಅಂದರೆ ಜೆಎಸ್‌ಡಬ್ಲ್ಯೂ ಏನು ಯೋಚಿಸುತ್ತಿದೆ ಅನ್ನೋದು ನಮಗೆ ಕಾಣೋದು ಇನ್ನೂ ಮುಂದೆ. ಮೂರು ಮೀಟರಿನ ಕಾರಿಗೆ ಅಲ್ಲಿ ಯಾರು ಮೇಜು ಕುಟ್ಟುತ್ತಾರೋ ಗಮನಿಸುತ್ತಾ ಇರುತ್ತೇನೆ.

ಮಹೀಂದ್ರಾದವರ ಹತ್ತಿರ ಈಗ ದುಡ್ಡಿದೆ, ಸ್ವಂತ ಎಲೆಕ್ಟ್ರಿಕ್ ತಳಹದಿ ಇದೆ, ಬೊಮ್ಮಸಂದ್ರದಲ್ಲಿ 1990ರ ದಶಕದಿಂದ ಈ ಕೆಲಸ ಕಲಿತ ಜನ ಇದ್ದಾರೆ. ಬ್ಯಾಟರಿ ಬೆಲೆಯೂ ಇ2ಓ ಕಾಲದಲ್ಲಿದ್ದಷ್ಟಿಲ್ಲ. ಮೂರೂವರೆ ಮೀಟರಿನ, ನಾಲ್ಕು ಬಾಗಿಲಿನ, ಹತ್ತು ಲಕ್ಷದೊಳಗಿನ, ಡಿಕ್ಕಿ ಪರೀಕ್ಷೆಯಲ್ಲಿ ಒಳ್ಳೆ ಅಂಕ ತಗೊಳ್ಳುವ ಒಂದು ಕಾರು ಅವರಿಂದ ಆಗದ ಕೆಲಸ ಅಲ್ಲ. ರೇವಾ ಅಂತಲೇ ಹೆಸರಿಡಿ ಅನ್ನೋ ಹಟ ನನಗಿಲ್ಲ. ಬೆಂಗಳೂರಿನ ಗಲ್ಲಿಗೆ ಹಿಡಿಸಿದರೆ ಸಾಕು, ಬುಕಿಂಗ್ ಶುರುವಾದ ದಿನವೇ ಹೋಗಿ ಹೆಸರು ಬರೆಸುತ್ತೇನೆ.